ಮಿಸ್ ಪದ್ಮರಾಗ ಆಡಿದ ಮಾತು

ಮೈಮೂನಾಳ ಬೆರಳಿಗೆ ಬಟ್ಟೆ ಸುತ್ತುತ್ತಿದ್ದಾಗ ಮುದ್ದುವಿಗೆ ತನ್ನ ಕೈಗಳ ಮೇಲೆ ಎಂದಿನಂತೆ ಮೆಚ್ಚುಗೆ ಮೂಡಿತು. ಉಗುರುಸುತ್ತಿಗೆ ಲಿಂಬೆಹಣ್ಣು ಸಿಕ್ಕಿಸಬೇಕೆಂಬುದು ಕಂಕನಾಡಿಯ ಯಾವ ಮುದುಕಿಗೂ ಗೊತ್ತಿರುವ ಮದ್ದು. ಆದರೂ ನೆರೆಮನೆಯ ಮೈಮೂನಾ ಬೇಲಿ ದಾಟಿ ಬರುವುದು ಮುದ್ದುವಿನ ಹತ್ತಿರವೇ, ಏಕೆಂದರೆ ಮುದ್ದು ಬೊಂಬಾಯಿಯ ದೊಡ್ಡ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳು ಎಂದು ಅಣ್ಣ ನೋಣಯ್ಯ ಊರಿಗೆಲ್ಲ ಹೇಳಿಟ್ಟಿದ್ದ. ನರ್ಸ್ ಆಗಿದ್ದದ್ದೇನೋ ಹೌದು, ಪಿಕ್ಚರಿನಲ್ಲಿ, ಎರಡು ರೀಲು. ಬಿಳಿ ಟೊಪ್ಪಿ ಹಾಕಿಕೊಂಡು, ಗುಂಡು ತಗಲಿದ ಜಮೀನ್ದಾರನ ತೋಳಿಗೆ ಹೀಗೆಯೇ, ಕಿರುಬೆರಳನ್ನು ಸ್ವಲ್ಪ ದೂರ ಹಿಡಿದು, ಬಟ್ಟೆ ಸುತ್ತಿದ್ದಳು. ನಿಜವಾದ ನರ್ಸುಗಳು ಕಿರುಬೆರಳನ್ನು ಹಾಗೆ ಹಿಡಿಯುವುದಿಲ್ಲವೆಂದು ಆಮೇಲೆ ಯಾರೋ ಹೇಳಿದರು. ಹಿಡಿಯದಿದ್ದರೆ ಅದು ಅವರ ನಷ್ಟ ಎಂದುಕೊಂಡಿದ್ದಳು. ಮೂರು ವರ್ಷಗಳಿಂದ ಈ ಕೇರಿಯ ಜ್ವರ, ಹುಣ್ಣು, ಹೊಟ್ಟೆನೋವುಗಳೆಲ್ಲ ಅವಳ ಜಗಲಿಗೆ ಬರುತ್ತಿದ್ದವು, ಅರ್ಧಕ್ಕರ್ಧ ಗುಣವೂ ಆಗುತ್ತಿದ್ದವು. ರೋಗಿಗೆ ಬೇಕಾದದ್ದು ಧೈರ್ಯದ ಮುಖ, ಅದು ಅವಳಲ್ಲಿ ಬೇಕಾದಷ್ಟಿತ್ತು. ಆದರೆ ಬಂದವರು ಹೊರಟುಹೋದ ಮೇಲೆ ಕೈ ತೊಳೆಯುವಾಗ ಒಮ್ಮೊಮ್ಮೆ ಅವಳಿಗೆ ವಾಕರಿಕೆ ಬರುತ್ತಿತ್ತು. ಹುಣ್ಣು ಕಂಡು ಅಲ್ಲ, ಆ ಸುಳ್ಳು ಮೈಗೆ ಒಗ್ಗಿಹೋಗುತ್ತಿರುವುದನ್ನು ಕಂಡು.

ಮೈಮೂನಾ ಎಲೆಯಡಿಕೆ ಸುತ್ತಿಕೊಂಡು ಬಂದಿದ್ದ ಕಾಗದವನ್ನು ಬಿಚ್ಚಿ ಮುದ್ದುವಿನ ಮುಂದೆ ಹಿಡಿದಳು. ಬೆಳಿಗ್ಗೆ ಜಟಕಾದಲ್ಲಿ ಬ್ಯಾಂಡು ಬಾರಿಸುತ್ತ ಹೋದವರು ಎಸೆದ ನೋಟೀಸು. ಮೈದಾನದಲ್ಲಿ ಡೇರೆ ಹಾಕಿರುವ ಪಿಕ್ಚರಿನದು.

"ಮುದ್ದಕ್ಕ, ಈ ಹೆಂಗಸಿನ ಮೂಗು ನೋಡಿ. ನಿಮ್ಮದೇ ಹಾಗೆ ಉಂಟು."

"ಅವಳದ್ದು ಬಣ್ಣ ಬಳಿದ ಮೂಗು, ಮಾರಾಯ್ತಿ," ಎಂದಳು ಮುದ್ದು. ದನಿ ನಡುಗಲಿಲ್ಲ. ನಡುಗಬಾರದ ಕಡೆ ನಡುಗದಿರುವುದೇ ಅವಳ ಕಸುಬಾಗಿತ್ತಲ್ಲ. ಮೈಮೂನಾ ನೋಟೀಸನ್ನು ಅಲ್ಲೇ ಬಿಟ್ಟು ಹೋದಳು. ಎಲೆಯಡಿಕೆಯ ಕೆಂಪು ಕಲೆಯೊಳಗಿಂದ ಮಿಸ್ ಪದ್ಮರಾಗ ಮುದ್ದುವನ್ನು ನೋಡುತ್ತಿದ್ದಳು, ತಲೆಯ ಮೇಲೆ ಕಿರೀಟ, ಕಣ್ಣಿನ ಸುತ್ತ ಕಾಡಿಗೆ, ಗದ್ದ ಸ್ವಲ್ಪ ಎತ್ತಿ. 'ಈ ರಾತ್ರಿಯಿಂದ' ಎಂದು ದಪ್ಪ ಅಕ್ಷರದಲ್ಲಿತ್ತು. ಮೊದಲು ಬಂದದ್ದು ಭಯವಲ್ಲ. ಮುಖಕ್ಕೆ ಬಿಸಿಯೇರಿತು, ಬಹಳ ದಿನಗಳ ಮೇಲೆ ಊರಿಗೆ ಬಂದ ಗೆಳತಿಯನ್ನು ಕಂಡ ಹಾಗೆ. ಬಂದೆಯಾ, ಕೊನೆಗೂ ಮಂಗಳೂರಿಗೆ ಬಂದೆಯಾ ಎಂದು ಕೇಳಬೇಕೆನಿಸಿತು. ಕರಾಚಿಯಲ್ಲಿ, ಕೊಲಂಬೋದಲ್ಲಿ, ನಾಗಪುರದಲ್ಲಿ ಈ ಮುಖವನ್ನು ಆಳಿಗಿಂತ ದೊಡ್ಡದಾಗಿ ಬರೆದು ನಿಲ್ಲಿಸಿದ್ದರು. ಹುಟ್ಟಿದ ಊರಿಗೆ ಬರಲು ಅದಕ್ಕೆ ಇಷ್ಟು ವರ್ಷ ಹಿಡಿಯಿತು, ಅದೂ ಮಾತಾಡುವ ಪಿಕ್ಚರುಗಳು ಬಂದು ಮೂಕ ಪಿಕ್ಚರುಗಳೆಲ್ಲ ಡೇರೆಯ ಪಾಲಾದ ಮೇಲೆ. ಆಮೇಲೆ ಭಯ ಬಂತು. ಈ ಪಿಕ್ಚರಿನಲ್ಲಿ ತಾನು ಏನೇನು ಮಾತಾಡಿದ್ದೇನೆಂಬುದು ಅವಳಿಗೆ ನೆನಪಿತ್ತು.

ಅದು ಬೊಂಬಾಯಿಯಲ್ಲಿ ಯಾರಿಗೂ ಲೆಕ್ಕಕ್ಕಿಲ್ಲದ ವಿಷಯ. ಮಾತು ಯಾರಿಗೂ ಕೇಳಿಸುವುದಿಲ್ಲ, ತುಟಿ ಅಲ್ಲಾಡಿದರೆ ಸಾಕು. ಹೀರೋ ತನ್ನ ಭಾಷೆಯಲ್ಲಿ ಏನೋ ಒದರುತ್ತಿದ್ದ, ಖಳನಾಯಕ ಇಂಗ್ಲಿಷಿನಲ್ಲಿ ಕುದುರೆ ಜೂಜಿನ ಸುದ್ದಿ ಹೇಳುತ್ತಿದ್ದ, ಮುದ್ದು ತುಳುವಿನಲ್ಲಿ ಮಾತಾಡುತ್ತಿದ್ದಳು. ಬೊಂಬಾಯಿಯಲ್ಲೇ ಸೋದರಮಾವನ ಹೋಟೆಲಿನ ಹಿಂಬದಿಯಲ್ಲಿ ಮಸಾಲೆ ಅರೆಯುತ್ತಿದ್ದ ಹುಡುಗಿಯನ್ನು ಚಹಾ ಕುಡಿಯಲು ಬಂದ ಕಂಪೆನಿಯವರು ನೋಡಿ ಕರೆದೊಯ್ದಾಗ ಅವಳಿಗೆ ಬರುತ್ತಿದ್ದದ್ದು ಅದೊಂದೇ ಭಾಷೆ. ಬೆಳದಿಂಗಳ ಉಯ್ಯಾಲೆಯಲ್ಲಿ ಹೀರೋ ಮುಖದ ಹತ್ತಿರ ಮುಖ ತಂದಾಗ ಅವಳು ಕಣ್ಣು ಅರೆಮುಚ್ಚಿ, ಸಾವಿರ ಜನರ ಎದೆ ಜುಂ ಎನ್ನುವಂತೆ ಏನು ಪಿಸುಗುಟ್ಟಿದಳೆಂದು ಬೊಂಬಾಯಿಗೆ ಗೊತ್ತಿರಲಿಲ್ಲ. ಇಲ್ಲಿ, ಈ ಮೈದಾನದಲ್ಲಿ, ಮೀನು ಮಾರುವವರಿಂದ ಹಿಡಿದು ವಕೀಲರ ತನಕ ಎಲ್ಲರೂ ಆ ತುಟಿಯನ್ನು ಓದಬಲ್ಲರು. ಉಯ್ಯಾಲೆಯ ಮಾತಿಗೆ ನಕ್ಕರೆ ನಗಲಿ. ಆದರೆ ಅದೇ ಪಿಕ್ಚರಿನ ಕೊನೆಯ ಭಾಗದಲ್ಲಿ ಇನ್ನೊಂದು ಮಾತಿತ್ತು. ಅದನ್ನು ನೆನೆದಾಗ ಅವಳು ನೋಟೀಸನ್ನು ಮಡಚಿ ರವಿಕೆಯೊಳಗೆ ಸೇರಿಸಿದಳು, ಮತ್ತೆ ತೆಗೆದಳು, ಹೊರಡಲು ಚಪ್ಪಲಿ ಮೆಟ್ಟುತ್ತಿದ್ದ ಅಣ್ಣನ ಮುಂದೆ ಹಿಡಿದಳು.

ನೋಣಯ್ಯ ಹಂಚಿನ ಕಾರ್ಖಾನೆಯಲ್ಲಿ ಮೇಸ್ತ್ರಿ. ಹಸಿ ಹಂಚಿನಲ್ಲಿ ಕೂದಲೆಳೆಯ ಬಿರುಕನ್ನು ಗುರುತಿಸುವ ಕಣ್ಣು. ಒಮ್ಮೆ ನೋಡಿದ, ಸಾಕಾಯಿತು.

"ಇವತ್ತೇ ಆಗಬೇಕಿತ್ತಾ ಇದು? ಕೂಳೂರಿನವರು ಹೆಣ್ಣು ನೋಡಲಿಕ್ಕೆ ಬರುವ ದಿನವೇ?"

"ನಾನು ಕರೆಸಿದ್ದಲ್ಲ ಅಣ್ಣ."

"ನೀನು ಹೊರಗೆ ಕಾಣಿಸಿಕೊಳ್ಳಬೇಡ. ಅವರು ಬಂದಾಗ ಅಡಿಗೆಮನೆಯಲ್ಲೇ ಇರು. ನಮ್ಮ ಹುಡುಗಿ ಜಯಳದ್ದು ಒಂದು ಆಗಿಹೋಗಲಿ."

"ನಾನು ಎಂತ, ಕದ್ದು ಬಂದವಳಾ?"

"ಕದ್ದಿದ್ದರೆ ಜೈಲಿಗೆ ಹೋಗಿ ಬಂದಳು ಅಂತ ಹೇಳಬಹುದಿತ್ತು. ಅದಕ್ಕೊಂದು ಮುಕ್ತಾಯ ಉಂಟು," ಎಂದ ನೋಣಯ್ಯ. ಮೆಟ್ಟಿಲು ಇಳಿದವನು ತಿರುಗಿ, ಅವಳ ಮುಖ ನೋಡದೆ, "ಹೆತ್ತವಳ ಬಾಯಿಗೆ ನೀರು ಬಿಡಲಿಕ್ಕೆ ಬಾರದವಳಿಗೆ ನಾನು ಎಂತ ಹೇಳುವುದು," ಎಂದು ಹೋದ. ಈ ಮಾತನ್ನು ಅವನು ಮೂರು ವರ್ಷಗಳಲ್ಲಿ ಹತ್ತಾರು ಸಲ ಆಡಿದ್ದ. ಸಿಟ್ಟಿನಲ್ಲಿ ಆಡಿದ್ದರೆ ಅವಳು ಎದುರಾಡುತ್ತಿದ್ದಳು. ಅವನು ಅದನ್ನು ಯಾವಾಗಲೂ ದಣಿದವನ ದನಿಯಲ್ಲಿ ಆಡುತ್ತಿದ್ದ.

ಎದುರಾಡಲು ಅವಳಲ್ಲಿ ಏನಿತ್ತು? ಊರಿನಿಂದ ತಂತಿ ಬಂದದ್ದು ಒಂದು ಬೆಳಿಗ್ಗೆ, ಇದೇ ಪಿಕ್ಚರಿಗೆ ಮುಖಕ್ಕೆ ಬಣ್ಣ ಹಚ್ಚಿ ಮುಗಿದ ಮೇಲೆ. ಅಮ್ಮ ಹೋದಳು. ಸುಡುವುದರೊಳಗೆ ತಲುಪುವಂತಿರಲಿಲ್ಲ, ಆದರೆ ಬೊಜ್ಜಕ್ಕೆ, ಆ ಕೊನೆಯ ಕರ್ಮದ ದಿನಕ್ಕೆ, ಹಡಗು ಹತ್ತಿ ಬಂದು ಮುಟ್ಟಬಹುದಿತ್ತು. ಡೈರೆಕ್ಟರ್ ಸಾಹೇಬರು ಹೋಗು ಎಂದೇ ಹೇಳಿದ್ದರು. ಆ ಹೊತ್ತಿಗೆ ಬಾಗಿಲ ಬಳಿ ಇನ್ನೊಬ್ಬಳು, ಹೊಸಬಳು, ಪದ್ಮರಾಗಳ ಕಿರೀಟವನ್ನು ಎತ್ತಿ ತನ್ನ ತಲೆಗೆ ಅಳತೆ ನೋಡುತ್ತಿದ್ದಳು. ಮುದ್ದು ಹೋಗಲಿಲ್ಲ. ಇವತ್ತಿಗೂ ಅವಳು ಆ ಕ್ಷಣವನ್ನು ಹಿಂದಕ್ಕೂ ಮುಂದಕ್ಕೂ ತಿರುವಿ ನೋಡುತ್ತಾಳೆ, ಹೋಗಬಹುದಿತ್ತು ಎಂದು ಹೇಳಿಕೊಳ್ಳುತ್ತಾಳೆ, ಹೋಗಿದ್ದರೆ ಆ ಕಿರೀಟ ಇನ್ನೊಬ್ಬಳ ತಲೆಯ ಮೇಲಿರುತ್ತಿತ್ತು ಎಂದೂ ಹೇಳಿಕೊಳ್ಳುತ್ತಾಳೆ. ಎರಡೂ ನಿಜವೇ. ಒಂದು ನಿಜ ಇನ್ನೊಂದನ್ನು ತಿಂದುಹಾಕುವುದಿಲ್ಲ. ಮಾತಾಡುವ ಪಿಕ್ಚರು ಬಂದಾಗ ಮೈಕಿನ ಮುಂದೆ ನಿಲ್ಲಿಸಿ 'ಪ್ರಾಣನಾಥ' ಎನ್ನಿಸಿದರು, ಕಿವಿಗೆ ಯಂತ್ರ ಹಾಕಿಕೊಂಡು ಕೂತಿದ್ದವನು ಫಕ್ಕನೆ ನಕ್ಕ. ಅವರು ಬೇಡವೆನ್ನುವುದಕ್ಕೆ ಮೊದಲೇ ಅವಳು ಎದ್ದು ಹೊರಬಂದಳು. ಕಂಪೆನಿಯ ಮೋಟಾರು ಬಾಗಿಲಲ್ಲಿತ್ತು. ಅದನ್ನು ಮುಟ್ಟದೆ ಟ್ರಾಮು ಹಿಡಿದಳು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂದು ನೋಣಯ್ಯ ಆಡಿಕೊಳ್ಳುತ್ತಾನೆ. ಆಡಿಕೊಳ್ಳಲಿ, ಮಲ್ಲಿಗೆಯಾದರೂ ಉಳಿಯಿತಲ್ಲ.

ಮಧ್ಯಾಹ್ನ ಜಯಳನ್ನು ಕಿಟಕಿಯ ಬಳಿ ಕೂರಿಸಿ ಮುದ್ದು ಅವಳ ತಲೆ ಬಾಚಿದಳು. ತೀರಿಹೋದ ಅಕ್ಕನ ಮಗಳು, ಈ ಮನೆಗೆ ಉಳಿದ ಒಂದೇ ಬಳ್ಳಿ. ನಮ್ಮಲ್ಲಿ ಮನೆ ಮುಂದುವರಿಯುವುದು ಹೆಣ್ಣಿನಿಂದ. ಮುದ್ದುವಿಗೆ ಮಕ್ಕಳಿಲ್ಲದ್ದರಿಂದ ಅಮ್ಮನ ಹೆಸರು ಉಳಿಯುವುದು ಈ ಹುಡುಗಿಯ ಹೊಟ್ಟೆಯಲ್ಲಿ. ಅದು ಮುದ್ದುವಿಗೆ ಗೊತ್ತಿತ್ತು, ಅದಕ್ಕೇ ಅವಳು ಅಡಿಗೆಮನೆಗೆ ಒಪ್ಪಿದ್ದು.

"ಚಿಕ್ಕಮ್ಮ, ನನಗೆ ಕೈಕಾಲು ನಡುಗ್ತದೆ."

"ನಡುಗಲಿ. ಮುಖ ನಡುಗದಿದ್ದರೆ ಸಾಕು. ಒಳಗೆ ಬಂದಕೂಡಲೇ ಬೆಳಕು ಎಲ್ಲಿಂದ ಬರ್ತದೆ ನೋಡು. ಆ ಕಡೆಗೆ ಅರ್ಧ ತಿರುಗಿ ಕೂತುಕೋ. ಪೂರ್ತಿ ತಿರುಗಬೇಡ."

"ಇದನ್ನೆಲ್ಲ ಆಸ್ಪತ್ರೆಯಲ್ಲಿ ಕಲಿಸ್ತಾರಾ?"

ಮುದ್ದು ಬಾಚಣಿಗೆಯಿಂದ ಅವಳ ತಲೆಗೆ ಮೆಲ್ಲಗೆ ಕುಟ್ಟಿದಳು.

ಕೂಳೂರಿನವರು ದೋಣಿಯಲ್ಲಿ ಕಡವು ದಾಟಿ ಬರುವಾಗ ಬಿಸಿಲು ಇಳಿದಿತ್ತು. ಹುಡುಗನ ಸೋದರಮಾವ ಚೆನ್ನಪ್ಪ, ತಾಯಿ ದೇಯಿ, ಮತ್ತೆ ದೇಯಿಯ ತಾಯಿ, ಎರಡೂ ಕಿವಿ ಕೇಳದ ಅಜ್ಜಿ. ಅಡಿಗೆಮನೆಯ ಬಾಗಿಲ ಸಂದಿಯಿಂದ ಮುದ್ದು ನೋಡಿದಳು. ಎಲ್ಲರೂ ಜಯಳನ್ನು ನೋಡುತ್ತಿದ್ದರೆ ಅಜ್ಜಿ ಮಾತ್ರ ಒಬ್ಬೊಬ್ಬರ ಬಾಯಿಯನ್ನೇ ನೋಡುತ್ತಿದ್ದಳು. ಯಾರು ಏನು ಹೇಳಿದರೂ ಅವಳಿಗೆ ತಿಳಿಯುತ್ತಿತ್ತು. ಮಾತು ಮುಗಿಯುವ ಮೊದಲೇ ಉತ್ತರ ಕೊಡುತ್ತಿದ್ದಳು, ಹೊಳೆಯ ಆಚೆ ದಡದವರಿಗೆ ಹೇಳುವಷ್ಟು ಗಟ್ಟಿಯಾಗಿ. ಹುಡುಗಿ ಒಪ್ಪಿಗೆಯಾದ ಹಾಗಿತ್ತು. ಚೆನ್ನಪ್ಪ ಸಂತೋಷದಲ್ಲಿ ತೊಡೆ ತಟ್ಟಿಕೊಂಡು, ಪೇಟೆಗೆ ಬಂದದ್ದೇ ಬಂದದ್ದು, ಎಲ್ಲರೂ ಸೇರಿ ಡೇರೆಯಲ್ಲಿ ಮೊದಲ ಆಟ ನೋಡಿಯೇ ಹೋಗುವ ಎಂದ. ಅಜ್ಜಿಗೆ ಪಿಕ್ಚರೆಂದರೆ ಪ್ರಾಣವಂತೆ. ನೋಣಯ್ಯ ಕೆಮ್ಮಿದ, ದೀಪಕ್ಕೆ ಎಣ್ಣೆ ತರಬೇಕಿತ್ತು ಎಂದ, ಕಾರ್ಖಾನೆಯಲ್ಲಿ ಹಂಚು ಸುಟ್ಟ ಒಲೆ ಬಿಚ್ಚುವುದುಂಟು ಎಂದ. ಯಾವುದೂ ನಡೆಯಲಿಲ್ಲ.

"ನಿಮ್ಮ ನರ್ಸಮ್ಮನೂ ಬರಲಿ," ಎಂದು ಅಜ್ಜಿ ಕೂಗಿದಳು. "ನನಗೆ ದಮ್ಮು ಉಂಟು. ಜನರ ನಡುವೆ ಹೆಚ್ಚಾದರೆ ಹತ್ತಿರ ಒಬ್ಬರು ಬೇಕು."

ಸುಳ್ಳಿಗೆ ಕಾಲಿಲ್ಲ ಎನ್ನುತ್ತಾರೆ. ನೋಣಯ್ಯನ ಸುಳ್ಳು ಆ ಸಂಜೆ ಜಟಕಾ ಹತ್ತಿತು. ಮುದ್ದು ಸೆರಗನ್ನು ಹಣೆಯ ತನಕ ಎಳೆದುಕೊಂಡು ಅಜ್ಜಿಯ ಪಕ್ಕ ಕೂತಳು. ಎದುರಿನ ಜಟಕಾದಿಂದ ಅಣ್ಣ ನೋಡಿದ ನೋಟವನ್ನು ಅವಳು ಮರೆಯುವಂತಿಲ್ಲ. ಅದರಲ್ಲಿ ಸಿಟ್ಟಿಗಿಂತ ಹೆಚ್ಚು ಬೇಡಿಕೆ ಇತ್ತು. ಆಯಿತು ಎಂಬಂತೆ ಅವಳು ರೆಪ್ಪೆ ಇಳಿಸಿದಳು. ಯಾರಾದರೂ ಕೇಳಿದರೆ ಅಲ್ಲ ಎನ್ನುತ್ತೇನೆ, ಆ ಹೆಂಗಸು ಯಾರೋ ಎನ್ನುತ್ತೇನೆ ಎಂದು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಹೇಳಿ ಅಭ್ಯಾಸ ಮಾಡಿದಳು. ಎಷ್ಟು ಹೇಳಿದರೂ ಅದು ನಾಲಿಗೆಗೆ ಕೂರಲಿಲ್ಲ.

ಡೇರೆಯಲ್ಲಿ ಗಂಡಸರಿಗೂ ಹೆಂಗಸರಿಗೂ ನಡುವೆ ತೆಂಗಿನ ಮಡಲು ಹೆಣೆದ ಎದೆಯೆತ್ತರದ ತಟ್ಟಿ. ಪರದೆಯ ಪಕ್ಕ ಸಿಪ್ರಿಯನ್ ಎಂಬವನು ತಗಡಿನ ತುತ್ತೂರಿ ಹಿಡಿದು ನಿಂತಿದ್ದ. ಪರದೆಯ ಮೇಲೆ ಬರುವ ಬರಹವನ್ನು ಓದಿ, ತನ್ನದೂ ಒಂದಿಷ್ಟು ಸೇರಿಸಿ ಕಥೆ ಹೇಳುವುದು ಅವನ ಕೆಲಸ. ಗ್ಯಾಸ್‌ಲೈಟ್ ಆರಿತು. ಗೆರೆಗಳ ನಡುವಿನಿಂದ, ಮಾಸಿದ ಬೆಳ್ಳಿಯ ಬಣ್ಣದಲ್ಲಿ, ಅವಳು ಬಂದಳು. ತಾನು ಇಷ್ಟು ಚೆಂದವಿದ್ದೆ ಎಂಬುದನ್ನು ಯಾರೂ ತನಗೆ ಸರಿಯಾಗಿ ಹೇಳಿರಲಿಲ್ಲ ಎಂದು ಮುದ್ದುವಿಗೆ ಎನಿಸಿತು. ಅರಮನೆಯ ಮೆಟ್ಟಿಲನ್ನು ಹಲಗೆಯಿಂದ ಮಾಡಿದ್ದರು, ಒಂದು ಮೆಟ್ಟಿಲು ಅಲ್ಲಾಡುತ್ತಿತ್ತು, ಆದರೂ ಆ ಹುಡುಗಿ ಕೆಳಗೆ ನೋಡದೆ ಇಳಿದಳು. ಹೆಂಗಸರ ಕಡೆಯಲ್ಲಿ ಯಾರೋ ನಿಟ್ಟುಸಿರು ಬಿಟ್ಟರು. ಆ ನಿಟ್ಟುಸಿರು ತನಗೆ ಸೇರಿದ್ದು, ಅದನ್ನು ಕೈನೀಡಿ ಪಡೆಯುವ ಹಾಗಿಲ್ಲ. ಮುದ್ದು ಸೆರಗನ್ನು ಇನ್ನಷ್ಟು ಎಳೆದುಕೊಂಡಳು.

ಉಯ್ಯಾಲೆ ಬಂತು. "ಓ ನನ್ನ ಪ್ರಾಣವೇ, ಈ ಬೆಳದಿಂಗಳು ನಿನ್ನ ಮುಂದೆ ಮಂಕು," ಎಂದು ಸಿಪ್ರಿಯನ್ ತುತ್ತೂರಿಯಲ್ಲಿ ಉಲಿದ. ಪದ್ಮರಾಗ ಕಣ್ಣು ಅರೆಮುಚ್ಚಿ ಪಿಸುಗುಟ್ಟಿದಳು.

ಅಜ್ಜಿ ಬೆಂಚಿನಲ್ಲೇ ಕುಪ್ಪಳಿಸಿ ನಕ್ಕಳು. "ಇವನು ಸುಳ್ಳು ಹೇಳುವುದು. ಅವಳು ಹೇಳಿದ್ದು, ನೀನು ಒಣಮೀನು ತಿಂದು ಬಂದಿದ್ದಿ, ಆಚೆ ಸರಿ ಅಂತ. ನಮ್ಮ ತುಳುವಿನಲ್ಲೇ ಹೇಳಿದ್ದು."

ಎಲ್ಲರೂ ಆ ತುಟಿಗಳನ್ನು ನೋಡಿದರು. ಆಮೇಲೆ ನಗು ಮುಂದಿನ ನೆಲದಿಂದ ಎದ್ದು ಹಿಂದಿನ ಕುರ್ಚಿಗಳ ತನಕ ಹೋಯಿತು. ಮುದ್ದು ಬೆವರಿದಳು. ಆದರೆ ಇದು ಕಿವಿಗೆ ಯಂತ್ರ ಹಾಕಿಕೊಂಡವನ ನಗುವಲ್ಲ ಎಂಬುದು ಅವಳ ಮೈಗೆ ತಿಳಿಯಿತು. ಇವರು ತಮ್ಮವಳೊಬ್ಬಳನ್ನು ಕಂಡು ನಗುತ್ತಿದ್ದರು. 'ಇವಳು ನಮ್ಮ ಕಡೆಯವಳು ಮಾರಾಯ' ಎಂದು ತಟ್ಟಿಯ ಆಚೆ ಗಂಡಸೊಬ್ಬ ಹೇಳಿದ. ಅಲ್ಲಿಂದ ಮುಂದೆ ಸಿಪ್ರಿಯನ್‌ನನ್ನು ಕೇಳುವವರಿರಲಿಲ್ಲ. ಅಜ್ಜಿ ತುಟಿ ನೋಡಿ ಹೇಳುವುದು, ಡೇರೆ ಕೇಳುವುದು. ಕತ್ತಿ ಹಿಡಿದು ಬಂದ ಖಳನಿಗೆ ಪದ್ಮರಾಗ, ನಿನ್ನ ಮೀಸೆ ಒಂದು ಬದಿ ಬಿಟ್ಟಿದೆ ಎಂದದ್ದೂ ಊರಿಗೆ ಗೊತ್ತಾಯಿತು.

ನಗು ಇಳಿಯುವ ಮೊದಲೇ ಆ ದೃಶ್ಯ ಬಂತು. ಮುದ್ದುವಿಗೆ ಎದ್ದು ಹೋಗಬೇಕೆನಿಸಿತು, ಅಜ್ಜಿಯ ಕೈ ಅವಳ ಮೊಣಕಾಲ ಮೇಲಿತ್ತು. ಊರಿನಿಂದ ತಂತಿ ಬಂದ ದಿನವೇ ತೆಗೆದದ್ದು, ಮುದಿ ಮಹಾರಾಜ ಸತ್ತು ಮಲಗಿದ್ದಾನೆ. ಕಾಲಬಳಿ ಬಿದ್ದು ಅಳು, ಬೇಕಾದ್ದು ಹೇಳು ಎಂದಿದ್ದರು ಸಾಹೇಬರು. ಅವಳು ಕಾಲಬಳಿ ಬೀಳಲಿಲ್ಲ. ತಲೆಯ ಕಡೆಗೆ ಹೋಗಿ ಕೂತಳು. ದೇವರ ಮುಂದೆ ಇಟ್ಟಿದ್ದ ತಂಬಿಗೆಯನ್ನು ಎಳೆದುಕೊಂಡಳು, ತುಳಸಿಯ ಎಲೆಯನ್ನು ಅದ್ದಿ ಸತ್ತವನ ಬಾಯಿಗೆ ಹನಿಸಿದಳು, ನಮ್ಮ ಮನೆಗಳಲ್ಲಿ ಹೆತ್ತವರು ಹೋದಾಗ ಮಕ್ಕಳು ಒಬ್ಬೊಬ್ಬರಾಗಿ ಮಾಡುವ ಹಾಗೆಯೇ. ಸಾಹೇಬರು ತಡೆಯಲಿಲ್ಲ. ಕ್ಯಾಮರಾ ತಿರುಗುತ್ತಲೇ ಇತ್ತು. "ಅಯ್ಯೋ ತಂದೆಯೇ," ಎಂದು ಸಿಪ್ರಿಯನ್ ಆರಂಭಿಸಿ, ಹೆಂಗಸರ ಕಡೆ ನೋಡಿ ತುತ್ತೂರಿ ಕೆಳಗಿಳಿಸಿದ. ಪದ್ಮರಾಗಳ ಮುಖ ಪರದೆ ತುಂಬ ಬಂತು. ಕಾಡಿಗೆ ಕರಗಿ ಕೆನ್ನೆಗೆ ಇಳಿದಿತ್ತು.

ಅಜ್ಜಿ ನಗಲಿಲ್ಲ. ಒಂದೊಂದೇ ಮಾತನ್ನು ಆ ತುಟಿಯಿಂದ ಎತ್ತಿ, ತನ್ನ ದೊಡ್ಡ ದನಿಯಲ್ಲಿ ಹೇಳಿದಳು:

"ನೋಣಯಣ್ಣಾ... ಅಪ್ಪೆಗ್ ಎನ್ನ ಪುದರ್‌ಡ್ ಒಂಜಿ ಬೊಟ್ಟು ನೀರ್ ಬುಡ್ಲೆ."

ನೋಣಯಣ್ಣ, ಅಮ್ಮನಿಗೆ ನನ್ನ ಹೆಸರಿನಲ್ಲಿ ಒಂದು ಬೊಟ್ಟು, ಒಂದೇ ಒಂದು ಹನಿ, ನೀರು ಬಿಡಿ. ಪರದೆಯ ಹುಡುಗಿ ಅದನ್ನೇ ಮತ್ತೆ ಮತ್ತೆ ಹೇಳಿದಳು. ಅಜ್ಜಿಯೂ ಮತ್ತೆ ಮತ್ತೆ ಹೇಳಿದಳು. ಹೆಂಗಸರ ಕಡೆ ಸೆರಗುಗಳು ಬಾಯಿಗೆ ಹೋದವು. ರೀಲು ಮುಗಿದು ಗ್ಯಾಸ್‌ಲೈಟ್ ಹತ್ತಿದಾಗ ಯಾರೂ ಕಡಲೆ ಕೊಳ್ಳಲು ಏಳಲಿಲ್ಲ.

ಅಜ್ಜಿ ಪಕ್ಕಕ್ಕೆ ತಿರುಗಿ ಮುದ್ದುವಿನ ಬಾಯಿಯನ್ನು ನೋಡುತ್ತಿದ್ದಳು. ತಟ್ಟಿಯ ಆಚೆ ಚೆನ್ನಪ್ಪನ ದನಿ, ಕೆಡುಕಿಲ್ಲದ ಕುತೂಹಲದ ದನಿ, ಕೇಳಿಸಿತು.

"ನೋಣಯ್ಯನವರೇ, ನಿಮ್ಮ ಹೆಸರು ಹೇಳಿದಳಲ್ಲ. ಯಾರು ಅವಳು?"

ಅಣ್ಣ ಕುತ್ತಿಗೆ ತಗ್ಗಿಸಿ ಕೂತಿರುವುದನ್ನು ಮುದ್ದು ನೋಡದೆಯೇ ಕಂಡಳು. ಅವನು ಈಗ ಗೊತ್ತಿಲ್ಲ ಎನ್ನುತ್ತಾನೆ. ಜಯಳಿಗಾಗಿ ಎನ್ನುತ್ತಾನೆ. ಆಮೇಲೆ ಮನೆಗೆ ಬಂದು ಊಟ ಮಾಡದೆ ಮಲಗುತ್ತಾನೆ. ತಾನೂ ಅಲ್ಲ ಎನ್ನಬೇಕು, ದಾರಿಯುದ್ದಕ್ಕೂ ಅಭ್ಯಾಸ ಮಾಡಿದ ಮಾತು. ಆದರೆ ಆ ಮುಖವನ್ನು, ಕಾಡಿಗೆ ಕರಗಿದ ಆ ಮುಖವನ್ನು, ಇಷ್ಟು ಜನರ ನಡುವೆ ಅನಾಥಳಾಗಿ ಬಿಟ್ಟು ಹೋಗುವುದೆಂದರೆ ಅಮ್ಮನನ್ನು ಇನ್ನೊಮ್ಮೆ ಬಿಟ್ಟ ಹಾಗೆ. ಅಣ್ಣನ ಬಾಯಿಯಿಂದ ಸುಳ್ಳು ಬೀಳುವ ಮೊದಲು ಅವಳು ಎದ್ದು ನಿಂತಳು. ಸೆರಗು ತಲೆಯಿಂದ ಜಾರಿತು. ಬೆಳಕು ಎಡಗಡೆಯಿಂದ ಬರುತ್ತಿತ್ತು, ಅವಳು ಅರ್ಧ ತಿರುಗಿದಳು.

"ನಾನು," ಎಂದಳು. ಮೈಕಿನವರು ಬೇಡವೆಂದ ದನಿ, ತಟ್ಟಿಯಾಚೆಯ ಕೊನೆಯ ಸಾಲಿಗೂ ಕೇಳಿಸಿತು. "ನಾನು ನರ್ಸ್ ಅಲ್ಲ. ಯಾವತ್ತೂ ಆಗಿರಲಿಲ್ಲ. ಮಿಸ್ ಪದ್ಮರಾಗ ಅಂತ ಬೊಂಬಾಯಿಯಲ್ಲಿ ಕರೀತಿದ್ದರು. ನೋಣಯಣ್ಣನ ತಂಗಿ ಮುದ್ದು ನಾನು. ಜಯಳ ಚಿಕ್ಕಮ್ಮ."

ಜಯ ತಲೆಯೆತ್ತಿ ನೋಡುತ್ತಿದ್ದಳು, ಬಾಯಿ ತುಸು ತೆರೆದು. ದೇಯಿ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು.

"ಹಾಗಾದರೆ ನರ್ಸ್ ಅಂತ ಯಾಕೆ ಹೇಳಿದ್ದು ನೀವು?"

"ನಿಮಗೆ ಹೆದರಿ."

"ನಾವು ಎಂತ ಹುಲಿಯಾ?" ಎಂದಳು ದೇಯಿ. ಅವಳ ಮುಖದಲ್ಲಿ ಅವಮಾನವಿತ್ತು, ಮೋಸಹೋದವಳ ಸಿಟ್ಟೂ ಇತ್ತು. ನಾಳೆಯ ಮಾತು ಕಷ್ಟದ್ದಾಗುತ್ತದೆಂದು ಮುದ್ದುವಿಗೆ ಅರ್ಥವಾಯಿತು. ಆದರೂ ದೇಯಿ ಜಯಳ ಪಕ್ಕಕ್ಕೆ ಒತ್ತಿ ಕೂತು, ಬೆಂಚಿನಲ್ಲಿ ಮುದ್ದುವಿಗೆ ಜಾಗ ಮಾಡಿದಳು. ಅಜ್ಜಿ ಆ ಜಾಗವನ್ನು ಅಂಗೈಯಿಂದ ಎರಡು ಸಲ ಬಡಿದಳು.

ಮುದ್ದು ಕೂರಲಿಲ್ಲ. ತಟ್ಟಿಯ ಆಚೆ ನೋಣಯ್ಯ ಎದ್ದು ನಿಂತಿದ್ದ. ಗಂಡಸರೆಲ್ಲ ಅವನನ್ನೇ ನೋಡುತ್ತಿದ್ದರು. ಹಂಚಿನ ಮಣ್ಣು ಹಿಡಿದ ಎರಡೂ ಕೈಗಳನ್ನು ತಟ್ಟಿಯ ಮೇಲಿಟ್ಟು, ಮೂರು ವರ್ಷಗಳಲ್ಲಿ ಮೊದಲ ಸಲ, ಅವನು ತಂಗಿಯ ಮುಖವನ್ನು ನೇರವಾಗಿ ನೋಡಿದ.

"ಬಿಟ್ಟಿದ್ದೆ ಮುದ್ದು," ಎಂದ. "ನನ್ನದು ಬಿಟ್ಟ ಮೇಲೆ, ನಿನ್ನ ಹೆಸರು ಹೇಳಿ ಒಂದು ಬೊಟ್ಟು ಬಿಟ್ಟಿದ್ದೆ."